ಸ್ವಾಪ್ ಎಲ್ಲಿಡಲಿ, ಸ್ವಾಮಿ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟಿತು. ವಿಂಡೋಸ್ 11ಕ್ಕೆ ಲಾಯಕ್ಕಿಲ್ಲ ಎಂದು ಕಂಪನಿಯೇ ಷರಾ ಬರೆದ ಲ್ಯಾಪ್‌ಟಾಪುಗಳು ಮನೆಮನೆಯಲ್ಲಿ ಉಳಿದವು. ಕೀಬೋರ್ಡು ನೆಟ್ಟಗಿದೆ, ಪರದೆ ನೆಟ್ಟಗಿದೆ, ಬ್ಯಾಟರಿ ಅರ್ಧ ಗಂಟೆಯಾದರೂ ಬರುತ್ತದೆ. ಎಸೆಯಲು ಮನಸ್ಸಿಲ್ಲ. ಇಂಥ ಹೊತ್ತಿಗೆ ಮನೆಗೊಬ್ಬ ಸಾಫ್ಟ್‌ವೇರ್ ಹುಡುಗ ಇದ್ದೇ ಇರುತ್ತಾನೆ. ಹಬ್ಬಕ್ಕೆ ಊರಿಗೆ ಬಂದವನು "ಲಿನಕ್ಸ್ ಹಾಕ್ಕೊಳಿ ದೊಡ್ಡಪ್ಪ, ಇನ್ನೂ ಐದಾರು ವರ್ಷ ಓಡತ್ತೆ" ಎಂದು ಒಂದು ಪೆನ್‌ಡ್ರೈವ್ ಕೈಗಿಟ್ಟು, ಒಬ್ಬಟ್ಟು ತಿಂದು, ರಾತ್ರಿ ಬಸ್ಸಿಗೆ ವೈಟ್‌ಫೀಲ್ಡಿಗೆ ಹೊರಟುಹೋಗುತ್ತಾನೆ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತರಾದ ದೊಡ್ಡಪ್ಪ ಕನ್ನಡಕ ಏರಿಸಿ ಕೂರುತ್ತಾರೆ. ಇನ್‌ಸ್ಟಾಲರ್ ಭಾಷೆ ಕೇಳುತ್ತದೆ, ಹೇಳುತ್ತಾರೆ. ಊರು ಯಾವುದು ಎನ್ನುತ್ತದೆ. ಭಾರತದ ಭೂಪಟದಲ್ಲಿ ಎಲ್ಲಿ ಒತ್ತಿದರೂ ಕೋಲ್ಕತ್ತಕ್ಕೇ ಹೋಗಿ ನಿಲ್ಲುತ್ತದೆ, ಅದಕ್ಕೂ ತಲೆಯಾಡಿಸುತ್ತಾರೆ. ಆಮೇಲೆ ಡಿಸ್ಕಿನ ಪುಟ ಬರುತ್ತದೆ. ಅಲ್ಲಿ ಎರಡು ಪುಟ್ಟ ಪಟ್ಟಿಗಳು. ಒಂದರಲ್ಲಿ: ಸ್ವಾಪ್ ಬೇಡ; ಸ್ವಾಪ್ ಇರಲಿ, ಹೈಬರ್ನೇಟ್ ಬೇಡ; ಸ್ವಾಪೂ ಇರಲಿ, ಹೈಬರ್ನೇಟೂ ಇರಲಿ; ಸ್ವಾಪನ್ನು ಫೈಲ್‌ನಲ್ಲಿ ಇಡು. ಇನ್ನೊಂದರಲ್ಲಿ ಫೈಲ್‌ಸಿಸ್ಟಮ್‌ಗಳು: ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್. ಹಲವು ಲಿನಕ್ಸ್ ಡಿಸ್ಟ್ರೋಗಳು, ಅಂದರೆ ಲಿನಕ್ಸ್‌ನ ಬಗೆಬಗೆಯ ಅವತಾರಗಳು, ಬಳಸುವ ಕ್ಯಾಲಮಾರೆಸ್ ಇನ್‌ಸ್ಟಾಲರ್‌ನಲ್ಲಿ ಈ ಜೋಡಿ ಸಾಮಾನ್ಯ. ಒಂದರಲ್ಲಿ ಆರಿಸಿದ್ದು ಇನ್ನೊಂದರ ಕತ್ತು ಹಿಡಿಯಬಹುದು ಎಂಬ ವಿಷಯವನ್ನು ಮಾತ್ರ ಎರಡೂ ಬಾಯಿಬಿಡುವುದಿಲ್ಲ.

ದೊಡ್ಡಪ್ಪ ಫೋನ್ ಮಾಡುತ್ತಾರೆ.

"ಏನಪ್ಪಾ ಇದು ಸ್ವಾಪು? ಹಾಕ್ಲೋ ಬೇಡ್ವೋ?"

"ರ‍್ಯಾಮ್ ತುಂಬಿದಾಗ ಬೇಕಾಗತ್ತೆ ದೊಡ್ಡಪ್ಪ. ಡಿಸ್ಕಲ್ಲಿ ಸ್ವಲ್ಪ ಜಾಗ ಬಿಡೋದು, ಅಷ್ಟೆ."

"ಸ್ವಲ್ಪ ಅಂದ್ರೆ?"

"ರ‍್ಯಾಮ್‌ನ ಎರಡರಷ್ಟು."

"ಎರಡರಷ್ಟೇ ಯಾಕೆ?"

ಆ ಕಡೆ ಮೀಟಿಂಗ್ ಶುರುವಾಗುತ್ತದೆ.

ಈ ಎರಡರಷ್ಟು ಎಂಬುದು ನಮ್ಮ ಕಂಪ್ಯೂಟರ್ ಲೋಕದ ಮಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರ‍್ಯಾಮ್ ಮಾರುವವರಿಂದ ಹಿಡಿದು ಕಾಲೇಜಿನ ಲ್ಯಾಬ್ ಅಸಿಸ್ಟೆಂಟ್‌ವರೆಗೆ ಎಲ್ಲರೂ ಪಾಲಿಸುತ್ತಾರೆ, ಯಾರಿಗೂ ಕಾರಣ ಬೇಕಿಲ್ಲ. ಕಾರಣ ಇತ್ತು ಅನ್ನಿ. 2001ರಲ್ಲಿ ಬಂದ ಲಿನಕ್ಸ್ 2.4ರ ಆರಂಭದ ಆವೃತ್ತಿಗಳಲ್ಲಿ, ಸ್ವಾಪ್‌ಗೆ ಹೋದ ಮೆಮೊರಿಯ ಪುಟ ರ‍್ಯಾಮ್‌ಗೆ ವಾಪಸು ಬಂದ ಮೇಲೂ ಡಿಸ್ಕಿನಲ್ಲಿ ಹಿಡಿದ ಜಾಗ ಬಿಡುತ್ತಿರಲಿಲ್ಲ. ಹಾಗಾಗಿ ಎರಡರಷ್ಟು ಇಡದಿದ್ದರೆ ಸ್ವಾಪ್ ಇದ್ದೂ ಇಲ್ಲದಂತೆ. ಆ ದೋಷವನ್ನು ಆಗಲೇ ಸರಿಪಡಿಸಿದರು. ಕಾಯಿಲೆ ವಾಸಿಯಾಗಿ ಕಾಲು ಶತಮಾನವಾಯಿತು, ಪಥ್ಯ ಮಾತ್ರ ನಡೆದೇ ಇದೆ. 32 ಜಿಬಿ ರ‍್ಯಾಮ್ ಹಾಕಿಸಿಕೊಂಡು 64 ಜಿಬಿ ಸ್ವಾಪ್ ಕೊರೆದು, 'ಡಿಸ್ಕ್ ಯಾಕೋ ಬೇಗ ತುಂಬುತ್ತಪ್ಪ' ಎನ್ನುವ ಭಕ್ತರಿದ್ದಾರೆ.

ಗಾತ್ರದ ಮಾತು ಹಾಗಿರಲಿ. ಅಸಲಿ ತಮಾಷೆ ಇರುವುದು ಜಾಗದಲ್ಲಿ.

ಬಿಟಿಆರ್‌ಎಫ್‌ಎಸ್‌ನಂಥ ಕಾಪಿ-ಆನ್-ರೈಟ್ ಫೈಲ್‌ಸಿಸ್ಟಮ್ ಏನು ಎಂದು ದೊಡ್ಡಪ್ಪನಿಗೆ ವಿವರಿಸುವುದು ಕಷ್ಟವಲ್ಲ, ಅವರು ತಾಲ್ಲೂಕು ಕಚೇರಿ ಕಂಡವರು. ಅಲ್ಲಿ ಇದ್ದ ಬರಹದ ಮೇಲೆ ಗೀಟು ಹಾಕಿ ತಿದ್ದುವಂತಿಲ್ಲ. ಏನೇ ಬದಲಾದರೂ ಹೊಸ ಹಾಳೆಯಲ್ಲಿ ಬರೆದು, ಕೊನೆಗೆ ಸೂಚಿಯಲ್ಲಿ 'ಇನ್ನು ಈ ಹಾಳೆ ನೋಡುವುದು' ಎಂದು ನಮೂದಿಸುತ್ತಾರೆ. ಬರೆಯುವಾಗಲೇ ಕರೆಂಟು ಹೋದರೂ ಹಳೆಯ ಹಾಳೆ ಇದ್ದ ಹಾಗೇ ಇರುತ್ತದೆ. ಹಳೆಯ ಹಾಳೆಗಳನ್ನು ರದ್ದಿಗೆ ಹಾಕದೆ ಕಟ್ಟಿಟ್ಟರೆ ಅದೇ ಸ್ನ್ಯಾಪ್‌ಶಾಟ್. ಮೊನ್ನೆಯ ಅಪ್‌ಡೇಟ್ ಮನೆ ಹಾಳು ಮಾಡಿತೆಂದರೆ ಮೊನ್ನೆಗೇ ವಾಪಸು ಹೋಗಬಹುದು. ಪ್ರತಿ ಹಾಳೆಗೂ ಚೆಕ್‌ಸಮ್ ಎಂಬ ಮೊಹರು ಬೇರೆ, ಒಂದು ಅಕ್ಷರ ಅತ್ತಿತ್ತ ಆದರೂ ಸಿಕ್ಕಿಬೀಳುತ್ತದೆ. ತಾಲ್ಲೂಕು ಕಚೇರಿಯ ಮಟ್ಟಿಗೆ ಇದು ಅತಿಯಾದ ಹೊಗಳಿಕೆ ಎನಿಸಬಹುದು. ಡಿಸ್ಕಿನ ಮಟ್ಟಿಗೆ ನಿಜ.

ಈ ತತ್ತ್ವದ ಹಿರಿಯ ಝಡ್‌ಎಫ್‌ಎಸ್. ಸನ್ ಮೈಕ್ರೋಸಿಸ್ಟಮ್ಸ್ ಅದನ್ನು 2005ರಲ್ಲಿ ಓಪನ್‌ಸೋಲಾರಿಸ್ ಮೂಲಕ ಬಯಲಿಗೆ ತಂದಿತು. ಅದನ್ನು ನೋಡಿ ಲಿನಕ್ಸ್‌ನವರಿಗೂ ಆಸೆಯಾಗಿ, ಆರಕಲ್‌ನಲ್ಲಿದ್ದ ಕ್ರಿಸ್ ಮೇಸನ್ 2007ರಲ್ಲಿ ಬಿಟಿಆರ್‌ಎಫ್‌ಎಸ್ ಪ್ರಕಟಿಸಿದರು, 2009ರಲ್ಲಿ 2.6.29ನೇ ಆವೃತ್ತಿಯೊಂದಿಗೆ ಅದು ಲಿನಕ್ಸ್‌ನ ತಿರುಳಾದ ಕರ್ನೆಲ್ ಒಳಗೆ ಕಾಲಿಟ್ಟಿತು. ಮರುವರ್ಷ ಆರಕಲ್ಲು ಸನ್ ಕಂಪನಿಯನ್ನೇ ಕೊಂಡುಕೊಂಡಿತು. ಸ್ಪರ್ಧೆಗೆಂದು ಹುಟ್ಟಿಸಿದ್ದೂ ಸ್ಪರ್ಧಿಯೂ ಒಬ್ಬನೇ ಯಜಮಾನನ ಪಾಲಾದವು. ಇಂಥದ್ದನ್ನು ಕಥೆಯಲ್ಲಿ ಬರೆದರೆ ಸಂಪಾದಕರು ಅಸಹಜ ಎಂದು ವಾಪಸು ಕಳಿಸುತ್ತಾರೆ.

ಈಗ ಸ್ವಾಪ್ ಫೈಲ್‌ನ ಸ್ವಭಾವ ನೋಡಿ. ಹೆಸರಿಗೆ ಫೈಲು, ನಡವಳಿಕೆ ಪಾಳೇಗಾರನದ್ದು. ಸ್ವಾಪ್‌ಆನ್ ಎಂದು ಆಜ್ಞೆ ಕೊಟ್ಟ ಕ್ಷಣದಲ್ಲಿ ಕರ್ನೆಲ್ ಒಂದೇ ಒಂದು ಸಲ ಕಚೇರಿಗೆ ಬಂದು 'ಈ ಫೈಲಿನ ಜಮೀನು ಡಿಸ್ಕಿನ ಯಾವ ಯಾವ ಸರ್ವೆ ನಂಬರಿನಲ್ಲಿದೆ?' ಎಂದು ಕೇಳಿ ಬರೆದುಕೊಳ್ಳುತ್ತದೆ. ಅಷ್ಟೆ. ಆಮೇಲೆ ಕಚೇರಿಯ ಕಡೆ ತಲೆ ಹಾಕುವುದಿಲ್ಲ, ನೇರ ಹೊಲಕ್ಕೇ ನೇಗಿಲು ಹೂಡುತ್ತದೆ. ಇದು ಸೊಕ್ಕಲ್ಲ, ಅನಿವಾರ್ಯ. ಸ್ವಾಪ್ ಬೇಕಾಗುವುದೇ ಮೆಮೊರಿ ಬರಿದಾದಾಗ. ಫೈಲ್‌ಸಿಸ್ಟಮ್ ಮೂಲಕ ಬರೆಯಹೋದರೆ ಆ ಕಾಗದಪತ್ರದ ಕೆಲಸಕ್ಕೇ ಇನ್ನಷ್ಟು ಮೆಮೊರಿ ಬೇಕು. ಅದು ಇದ್ದಿದ್ದರೆ ಸ್ವಾಪ್ ಯಾಕೆ ಬೇಕಿತ್ತು?

ಇಂಥ ರೈತನನ್ನು, ಪ್ರತಿ ಬರಹಕ್ಕೂ ಹೊಸ ಜಾಗ ಕೊಡುವ ಕಚೇರಿಯ ಕೈಗೆ ಒಪ್ಪಿಸಿದರೆ ಏನಾಗುತ್ತದೆ? ಕಚೇರಿಯವರು ಪದ್ಧತಿ ಪ್ರಕಾರ ಜಮೀನನ್ನು ಬೇರೆ ಕಡೆಗೆ ಸರಿಸಿ, ಹಳೆಯ ಸರ್ವೆ ನಂಬರನ್ನು ನಿಮ್ಮ ಮಗಳ ಮದುವೆಯ ಫೋಟೋಗಳಿಗೆ ಮಂಜೂರು ಮಾಡಿರುತ್ತಾರೆ. ಕರ್ನೆಲ್ ಹಳೆಯ ಚೀಟಿ ಹಿಡಿದು ಬಂದು ಮುಹೂರ್ತದ ಫೋಟೋದ ಮೇಲೆ ಬ್ರೌಸರಿನ ನಲವತ್ತು ಟ್ಯಾಬ್‌ಗಳನ್ನು ಉತ್ತುಬಿಡುತ್ತದೆ.

ಇದು ಗೊತ್ತಿದ್ದೇ ಬಿಟಿಆರ್‌ಎಫ್‌ಎಸ್‌ನವರು ಹತ್ತು ವರ್ಷ ಸ್ವಾಪ್ ಫೈಲನ್ನು ಹೊಸ್ತಿಲು ತುಳಿಯಲು ಬಿಡಲಿಲ್ಲ. ಸರ್ವೆ ನಂಬರ್ ಕೇಳಿದರೆ ಕೊಡುವುದಿಲ್ಲ, ಮುಗಿಯಿತು. ನನ್ನ ಕೇಳಿದರೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಪ್ರಾಮಾಣಿಕ ಘಟ್ಟ ಅದೇ. ಆದರೆ ಇಲ್ಲ ಎಂದರೆ ಕೇಳುವ ಜಾತಿಯೇ ಲಿನಕ್ಸ್ ಬಳಕೆದಾರರದ್ದು? ಲೂಪ್ ಡಿವೈಸ್ ಎಂಬ ಮುಸುಕು ಹೊದಿಸಿ, ಫೈಲನ್ನೇ ಡಿಸ್ಕು ಎಂದು ಕರ್ನೆಲ್‌ಗೆ ನಂಬಿಸಿ ಸ್ವಾಪ್ ಓಡಿಸಿದರು. ಓಡುತ್ತಿತ್ತು ಕೂಡ, ಮೆಮೊರಿ ಧಾರಾಳವಾಗಿರುವ ತನಕ. ನಿಜವಾಗಿ ಬರಿದಾದ ದಿನ, ಬರೆಯಲು ಮೆಮೊರಿ ಬೇಕು, ಮೆಮೊರಿ ಸಿಗಬೇಕಾದರೆ ಬರೆಯಬೇಕು ಎಂಬ ಸುಳಿಗೆ ಸಿಕ್ಕಿ ಯಂತ್ರ ಕಲ್ಲಾಗುವ ಅಪಾಯ ಕಟ್ಟಿಟ್ಟದ್ದು. ಲಿನಕ್ಸ್‌ನ ಝಡ್‌ಎಫ್‌ಎಸ್‌ನಲ್ಲಿ ಝಡ್‌ವಾಲ್ ಎಂಬ ವರ್ಚುವಲ್ ಡಿಸ್ಕಿನ ಮೇಲೆ ಸ್ವಾಪ್ ಇಡುವವರಿಗೂ ಇದೇ ಎಚ್ಚರಿಕೆ ಇದೆ: ಮೆಮೊರಿ ತೀರಾ ಇಕ್ಕಟ್ಟಾದಾಗ, ಸ್ವಾಪ್ ಎಷ್ಟೇ ಖಾಲಿಯಿದ್ದರೂ, ಯಂತ್ರ ಸ್ತಬ್ಧವಾಗಬಹುದು. ಕೊಡೆ ಚೆನ್ನಾಗಿದೆ ಸಾರ್, ಮಳೆಯಲ್ಲಿ ಮಾತ್ರ ಬಿಚ್ಚಬೇಡಿ.

2019ರ ಮಾರ್ಚ್‌ನಲ್ಲಿ ಲಿನಕ್ಸ್ 5.0 ಬಂತು. ಕೈಕಾಲಿನ ಬೆರಳೆಲ್ಲ ಮುಗಿದುದರಿಂದ 4.21 ಅನ್ನುವ ಬದಲು 5.0 ಅಂದೆ, ಬೇರೆ ಅರ್ಥವೇನಿಲ್ಲ ಎಂದು ಲೈನಸ್ ಟೋರ್ವಾಲ್ಡ್ಸ್ ತಾವೇ ಸ್ಪಷ್ಟಪಡಿಸಿದ್ದರು. ಅದರಲ್ಲಿ ಫೇಸ್‌ಬುಕ್‌ನ ಎಂಜಿನಿಯರ್ ಒಮರ್ ಸ್ಯಾಂಡೋವಲ್ ಬರೆದ ಕೋಡ್ ಸೇರಿ, ಬಿಟಿಆರ್‌ಎಫ್‌ಎಸ್‌ನಲ್ಲಿ ಸ್ವಾಪ್ ಫೈಲ್‌ಗೆ ಅನುಮತಿ ಸಿಕ್ಕಿತು. ಷರತ್ತುಬದ್ಧ ಅನುಮತಿ. ಅರ್ಜಿದಾರರು ಫೈಲಿಗೆ ಕಾಪಿ-ಆನ್-ರೈಟ್ ವಿನಾಯಿತಿ ಪಡೆದಿರತಕ್ಕದ್ದು. ಫೈಲು ಖಾಲಿ ಇರುವಾಗಲೇ ವಿನಾಯಿತಿ ಪಡೆಯತಕ್ಕದ್ದು, ತುಂಬಿದ ಮೇಲೆ ಹಚ್ಚಿದರೆ ಹತ್ತುವುದಿಲ್ಲ. ಕಂಪ್ರೆಷನ್ ಕೂಡದು. ಫೈಲಿನಲ್ಲಿ ತೂತು ಕೂಡದು. ಅಂದರೆ 8 ಜಿಬಿ ಎಂದು ಬಾಯಲ್ಲಿ ಹೇಳಿದರೆ ಸಾಲದು, 8 ಜಿಬಿ ಜಾಗ ಮುಂಗಡವಾಗಿ ಕೈವಶವಾಗಿರಬೇಕು. ಇಡೀ ಫೈಲು ಒಂದೇ ಡಿಸ್ಕಿನ ಮೇಲಿರಬೇಕು. ಎರಡು ಡಿಸ್ಕಿಗೆ ನಕಲು ಬೀಳುವ ರೇಡ್ ಕಟ್ಟಿಕೊಂಡ ಜಾಗ್ರತೆಯ ಮನುಷ್ಯರ ಅರ್ಜಿಯನ್ನು ತಿರಸ್ಕರಿಸಲಾಗುವುದು.

ಇವುಗಳಲ್ಲಿ ಒಂದು ತಪ್ಪಿದರೂ ಟರ್ಮಿನಲ್ ಏನು ಹೇಳುತ್ತದೆ ಗೊತ್ತೇ? 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್'. ಕಂಪ್ರೆಸ್ ಆಗಿದ್ದರೂ ಅದೇ, ಎರಡು ಡಿಸ್ಕಿನಲ್ಲಿದ್ದರೂ ಅದೇ, ವಿನಾಯಿತಿ ಮರೆತಿದ್ದರೂ ಅದೇ. ಅಸಲಿ ಕಾರಣ ಬರೆದಿರುತ್ತಾರೆ, ಕೌಂಟರಿನಲ್ಲಲ್ಲ, ಒಳಕೋಣೆಯ ರಿಜಿಸ್ಟರಿನಲ್ಲಿ. ಡಿಮೆಸೇಜ್ ಎಂಬ ಆಜ್ಞೆ ಕೊಟ್ಟು ಕರ್ನೆಲ್‌ನ ದಿನಚರಿ ತೆರೆದರೆ, ಯುಎಸ್‌ಬಿ ಮೌಸ್ ಸಿಕ್ಕಿತು, ವೈಫೈ ಬಿಟ್ಟಿತು ಎಂಬ ನೂರಾರು ಸಾಲುಗಳ ಕೊನೆಯಲ್ಲಿ, 'ಸ್ವಾಪ್ ಫೈಲು ಕಾಪಿ-ಆನ್-ರೈಟ್ ಆಗಿರಬಾರದು' ಎಂದು ಒಂದು ಸಾಲು. ಹಲವು ಡಿಸ್ಟ್ರೋಗಳಲ್ಲಿ ಆ ರಿಜಿಸ್ಟರ್ ನೋಡುವುದಕ್ಕೂ ಸುಡೋ ಅಧಿಕಾರ ಬೇಕು. ಲೆಡ್ಜರ್ ಬರೆದ ದೊಡ್ಡಪ್ಪನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ. 'ನಮ್ಮಲ್ಲೂ ಹೀಗೇ ಇತ್ತು' ಎನ್ನುತ್ತಾರೆ, ಹೆಮ್ಮೆಯಿಂದಲೇ.

ವಿನಾಯಿತಿಯ ಬೆಲೆ ಏನು ನೋಡಿ. ಕಾಪಿ-ಆನ್-ರೈಟ್ ತೆಗೆದ ಫೈಲಿಗೆ ಚೆಕ್‌ಸಮ್ ಇಲ್ಲ, ಕಂಪ್ರೆಷನ್ ಇಲ್ಲ. ಯಾವ ಗುಣಗಳಿಗಾಗಿ ಮೂರು ತಾಸು ವಿಡಿಯೋ ನೋಡಿ ಈ ಫೈಲ್‌ಸಿಸ್ಟಮ್ ಆರಿಸಿದಿರೋ ಅವನ್ನೆಲ್ಲ ಬಾಗಿಲಲ್ಲೇ ಕಳಚಿಟ್ಟು ಒಳಬಂದ 8 ಜಿಬಿ ಅತಿಥಿ. ಹಳೆಯ ಕಾಲದ ಸ್ವಾಪ್ ಪಾರ್ಟಿಶನ್‌ಗೂ ಚೆಕ್‌ಸಮ್ ಇರಲಿಲ್ಲ, ನ್ಯಾಯ ಹೇಳಬೇಕು. ಆದರೆ ಅದು ತಾನು ಬಿಟಿಆರ್‌ಎಫ್‌ಎಸ್ ಎಂದು ಎದೆ ತಟ್ಟಿಕೊಳ್ಳುತ್ತಲೂ ಇರಲಿಲ್ಲ. ಎಂಕೆಸ್ವಾಪ್ ಆಜ್ಞೆ ಆ ಪಾರ್ಟಿಶನ್‌ನ ಮೊದಲ 4096 ಬೈಟ್‌ಗಳ ಪುಟದ ಕಟ್ಟಕಡೆಯ 10 ಬೈಟ್‌ಗಳಲ್ಲಿ 'ಸ್ವಾಪ್‌ಸ್ಪೇಸ್2' ಎಂದು ಬರೆದು ಎದ್ದುಹೋಗುತ್ತಿತ್ತು. ಹತ್ತು ಅಕ್ಷರದ ಗೃಹಪ್ರವೇಶ.

ಇನ್ನೊಂದು ಷರತ್ತನ್ನು ಬೇಕೆಂದೇ ಕೊನೆಗಿಟ್ಟೆ. ಸ್ವಾಪ್ ಫೈಲ್ ಚಾಲ್ತಿಯಲ್ಲಿರುವಷ್ಟು ಕಾಲ ಅದು ಇರುವ ಸಬ್‌ವಾಲ್ಯೂಮ್‌ನ, ಅಂದರೆ ಫೈಲ್‌ಸಿಸ್ಟಮ್ ಒಳಗಿನ ಆ ವಿಭಾಗದ, ಸ್ನ್ಯಾಪ್‌ಶಾಟ್ ತೆಗೆಯುವಂತಿಲ್ಲ. ಅಂದರೆ ಫೈಲನ್ನು ರೂಟ್‌ನಲ್ಲೇ ಇಟ್ಟಿರೋ, ಪ್ರತಿ ಅಪ್‌ಡೇಟಿಗೆ ಮುಂಚೆ ತಾನಾಗಿ ಆಗಬೇಕಿದ್ದ ಸ್ನ್ಯಾಪ್‌ಶಾಟ್ 'ಟೆಕ್ಸ್ಟ್ ಫೈಲ್ ಬ್ಯುಸಿ' ಎಂದು ಕೈಯೆತ್ತುತ್ತದೆ. ಯಾವ ಟೆಕ್ಸ್ಟ್ ಫೈಲೂ ಅಲ್ಲಿಲ್ಲ, ಬ್ಯುಸಿಯೂ ಆಗಿಲ್ಲ. ಯೂನಿಕ್ಸ್ ಕಾಲದ ಪೆಟ್ಟಿಗೆಯಲ್ಲಿ ಕೈಗೆ ಸಿಕ್ಕ ದೋಷಸಂದೇಶ ಅದು. ಇದು ಗೊತ್ತಾಗುವುದು ಅಪ್‌ಡೇಟ್ ಕೆಟ್ಟು, ಹಿಂದಕ್ಕೆ ಹೋಗೋಣವೆಂದು ಪಟ್ಟಿ ತೆರೆದು, ಪಟ್ಟಿ ಖಾಲಿ ಕಂಡ ದಿನ.

ಪರಿಹಾರವಾಗಿ ಪಂಡಿತರು ಹೇಳುವುದು: ಸ್ವಾಪ್‌ಗೆಂದೇ ಪ್ರತ್ಯೇಕ ಸಬ್‌ವಾಲ್ಯೂಮ್ ಮಾಡಿ, ಅದರ ಸ್ನ್ಯಾಪ್‌ಶಾಟ್ ತೆಗೆಯಬೇಡಿ, ಅದರೊಳಗೆ ಫೈಲ್ ಇಡಿ. ಸಲಹೆ ಸರಿಯಾದದ್ದೇ. ಆದರೆ ಒಂದು ನಿಮಿಷ. ಪಾರ್ಟಿಶನ್ ರಗಳೆ ಬೇಡವೆಂದು ಅಲ್ಲವೇ ಸ್ವಾಪ್ ಫೈಲ್‌ಗೆ ಬಂದದ್ದು? ಈಗ ಫೈಲ್‌ಸಿಸ್ಟಮ್ ಒಳಗೆ, ಫೈಲ್‌ಸಿಸ್ಟಮ್‌ನ ಯಾವ ಗುಣವೂ ತಾಗದ, ಮುಂಗಡ ಅಳತೆಯ, ಅಲುಗಾಡದ, ಬೇಲಿ ಹಾಕಿದ ಜಾಗ ಮಾಡಿಕೊಂಡೆವು. ಅದಕ್ಕೆ ಪಾರ್ಟಿಶನ್ ಎನ್ನಲು ಇನ್ನೇನು ಬಾಕಿ?

ಈ ಐದಾರು ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ಮಾಡುವ ಒಂದೇ ಆಜ್ಞೆ, ಎಂಕೆಸ್ವಾಪ್‌ಫೈಲ್, ಬಿಟಿಆರ್‌ಎಫ್‌ಎಸ್ ಉಪಕರಣಗಳ 6.1ನೇ ಆವೃತ್ತಿಯಲ್ಲಿ ಬಂತು. 2022ರ ಕೊನೆಗೆ. ಅಷ್ಟರಲ್ಲಿ ಈ ಫೈಲ್‌ಸಿಸ್ಟಮ್ ಕರ್ನೆಲ್ ಸೇರಿ 13 ವರ್ಷ. ಮಗು ಹೈಸ್ಕೂಲಿಗೆ ಹೋದ ಮೇಲೆ ತೊಟ್ಟಿಲು ತಂದರು.

ಬೇರೆಯವರು ಏನು ಮಾಡಿದರು? ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನ ಇನ್‌ಸ್ಟಾಲರ್ ಝಡ್‌ಎಫ್‌ಎಸ್ ಹಾಕುವಾಗ ಸದ್ದಿಲ್ಲದೆ 2 ಜಿಬಿಯ ಪ್ರತ್ಯೇಕ ಸ್ವಾಪ್ ಪಾರ್ಟಿಶನ್ ತೆಗೆದಿಡುತ್ತದೆ, ಬೇಡವಾದವರು ಬದಲಾಯಿಸಬಹುದು. ಆ್ಯಪಲ್ 2017ರಲ್ಲಿ ಮ್ಯಾಕ್‌ಗಳಿಗೆ ತಂದ ಎಪಿಎಫ್‌ಎಸ್ ಸಹ ಕಾಪಿ-ಆನ್-ರೈಟ್ ಕುಲದ್ದೇ. ಅಲ್ಲಿ ಸ್ವಾಪ್‌ಗೆಂದೇ ವಿಎಮ್ ಹೆಸರಿನ ಬೇರೆ ವಾಲ್ಯೂಮ್ ಇದೆ, ಮ್ಯಾಕ್ ಕೊಂಡವರಿಗೆ ಆ ಪದವೇ ಕಿವಿಗೆ ಬಿದ್ದಿರುವುದಿಲ್ಲ. ಆ್ಯಪಲ್ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಲಿನಕ್ಸ್‌ನಲ್ಲಿ ಸ್ವಾತಂತ್ರ್ಯ ಹೆಚ್ಚು, ಆದ್ದರಿಂದ ಕೇಳುತ್ತಾರೆ. ಹೇಳುವುದಿಲ್ಲ.

ಫೆಡೋರಾ ಡಿಸ್ಟ್ರೋದವರದ್ದು ಇನ್ನೊಂದು ದಾರಿ. 2020ರ ಅಕ್ಟೋಬರಿನ ಫೆಡೋರಾ 33ರಲ್ಲಿ ಡೆಸ್ಕ್‌ಟಾಪ್‌ಗಳಿಗೆ ಬಿಟಿಆರ್‌ಎಫ್‌ಎಸ್ ಡೀಫಾಲ್ಟ್ ಆಯಿತು. ಫೆಡೋರಾದ ಪೋಷಕ ರೆಡ್ ಹ್ಯಾಟ್ ಅದೇ ಬಿಟಿಆರ್‌ಎಫ್‌ಎಸ್‌ಗೆ 2017ರಲ್ಲೇ ಬೆನ್ನು ತಿರುಗಿಸಿ, 2019ರ ತನ್ನ ಡಿಸ್ಟ್ರೋ ಆರ್‌ಎಚ್‌ಇಎಲ್ 8ರಿಂದ ಪೂರ್ತಿ ಹೊರಗಟ್ಟಿತ್ತು ಎಂಬುದನ್ನು ಇಲ್ಲಿ ಯಾರೂ ಗಟ್ಟಿಯಾಗಿ ಆಡಬಾರದು. ಅದೇ ಫೆಡೋರಾ 33ರಲ್ಲಿ ಸ್ವಾಪನ್ನು ಡಿಸ್ಕಿನಿಂದಲೇ ಎತ್ತಂಗಡಿ ಮಾಡಿ ರ‍್ಯಾಮ್‌ನಲ್ಲಿಟ್ಟರು. ಹೌದು, ಸರಿಯಾಗಿಯೇ ಓದಿದಿರಿ. ರ‍್ಯಾಮ್ ತುಂಬಿದಾಗ ನೆರವಿಗೆಂದು ಇರುವ ಸ್ವಾಪು, ರ‍್ಯಾಮ್‌ನಲ್ಲೇ. ಹೆಸರು ಝಡ್‌ರ‍್ಯಾಮ್. ಕೇಳಿದ ತಕ್ಷಣ ನಗು ಬರುತ್ತದೆ, ಆದರೆ ನಗುವ ಮೊದಲು ಲೆಕ್ಕ ನೋಡಬೇಕು: ಪುಟಗಳನ್ನು ಕುಗ್ಗಿಸಿ ಒತ್ತೊತ್ತಾಗಿ ಇಡುವುದರಿಂದ ಅದೇ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ, ಡಿಸ್ಕಿಗಿಂತ ಎಷ್ಟೋ ಪಾಲು ವೇಗ. ಮೊದಲು ರ‍್ಯಾಮ್‌ನ ಅರ್ಧ, ಹೆಚ್ಚೆಂದರೆ 4 ಜಿಬಿ ಎಂದಿದ್ದರು; ಮುಂದಿನ ಆವೃತ್ತಿಯಲ್ಲಿ ರ‍್ಯಾಮ್‌ನಷ್ಟೇ, ಮಿತಿ 8 ಜಿಬಿ ಎಂದು ಏರಿಸಿದರು. ವ್ಯಂಗ್ಯ ಬರೆಯುವವನಿಗೆ ಒಪ್ಪಿಕೊಳ್ಳಲು ಕಷ್ಟ, ಆದರೂ ಈ ಸಾಲಿನಲ್ಲಿ ಬುದ್ಧಿವಂತಿಕೆಯ ನಿರ್ಧಾರ ಇದೊಂದೇ. ಕಾಪಿ-ಆನ್-ರೈಟ್ ಜೊತೆ ಜಗಳವೇ ಇಲ್ಲ, ಡಿಸ್ಕನ್ನು ಮುಟ್ಟುವುದೇ ಇಲ್ಲವಲ್ಲ. ದೊಡ್ಡಪ್ಪನ 4 ಜಿಬಿ ಲ್ಯಾಪ್‌ಟಾಪಿಗೂ ಇದೇ ಸಾಕು.

ಹಾಗಿದ್ದರೆ ಇನ್‌ಸ್ಟಾಲರ್ ಯಾಕೆ ಕೇಳುತ್ತದೆ? ಉತ್ತರ ಬೇಕಾಗಿಲ್ಲ ಅದಕ್ಕೆ, ಸಹಿ ಬೇಕು. ರ‍್ಯಾಮ್ ಎಷ್ಟಿದೆ ಅದಕ್ಕೆ ಗೊತ್ತು, ಡಿಸ್ಕು ಎಷ್ಟು, ಎಸ್‌ಎಸ್‌ಡಿಯೋ ತಿರುಗುವುದೋ ಗೊತ್ತು, ಬ್ಯಾಟರಿ ಇದೆಯೋ ಇಲ್ಲವೋ ಗೊತ್ತು, ಯಾವ ಫೈಲ್‌ಸಿಸ್ಟಮ್ ಎಂದು ಪಕ್ಕದ ಪಟ್ಟಿಯಲ್ಲೇ ಬರೆದಿದೆ. ಏನೂ ಗೊತ್ತಿಲ್ಲದವನು ಇಡೀ ಕೋಣೆಯಲ್ಲಿ ಒಬ್ಬನೇ, ಕೇಳುವುದು ಅವನನ್ನೇ. ನಾಳೆ ಯಂತ್ರ ಕೆಟ್ಟರೆ 'ನೀವೇ ಆರಿಸಿದ್ದಲ್ಲವೇ' ಎನ್ನಬಹುದು.

'ಹೈಬರ್ನೇಟ್ ಬೇಕು' ಎಂದವರ ಪಾಡು ಕೇಳಬೇಡಿ. ಕೇಳಿದ್ದರಿಂದ ಹೇಳುತ್ತೇನೆ. ಹೈಬರ್ನೇಟ್ ಎಂದರೆ ಮೆಮೊರಿಯಲ್ಲಿದ್ದುದನ್ನೆಲ್ಲ ಸ್ವಾಪ್‌ಗೆ ಬರೆದು ಪೂರ್ತಿ ಆರುವುದು, ಎದ್ದಾಗ ಅಲ್ಲಿಂದಲೇ ಓದಿಕೊಳ್ಳುವುದು. ಝಡ್‌ರ‍್ಯಾಮ್‌ನಲ್ಲಿ ಇದು ಸಾಧ್ಯವಿಲ್ಲ, ಕರೆಂಟಿನ ಜೊತೆ ಅದೂ ಹೋಗುತ್ತದೆ. ಪಾರ್ಟಿಶನ್ ಆದರೆ ವಿಳಾಸ ಸುಲಭ. ಬಿಟಿಆರ್‌ಎಫ್‌ಎಸ್ ಫೈಲ್ ಆದರೆ, ಏಳುವ ಕರ್ನೆಲ್‌ಗೆ ಫೈಲ್‌ಸಿಸ್ಟಮ್ ಇನ್ನೂ ಕಣ್ಣು ಬಿಟ್ಟಿಲ್ಲದ ಹೊತ್ತಿನಲ್ಲಿ ಆ ಫೈಲು ಡಿಸ್ಕಿನ ಎಷ್ಟನೇ ಪುಟದಲ್ಲಿ ಶುರುವಾಗುತ್ತದೆ ಎಂದು ಮೊದಲೇ ಬರೆದುಕೊಡಬೇಕು. ಎಲ್ಲರೂ ಬಳಸುವ ಫೈಲ್‌ಫ್ರ್ಯಾಗ್ ಆಜ್ಞೆ ಇಲ್ಲಿ ಕೊಡುವುದು ಬಿಟಿಆರ್‌ಎಫ್‌ಎಸ್‌ನ ಒಳಲೆಕ್ಕದ ವಿಳಾಸ, ಡಿಸ್ಕಿನದ್ದಲ್ಲ. ನೋಡಲು ಸಂಖ್ಯೆ ಅಚ್ಚುಕಟ್ಟಾಗಿರುತ್ತದೆ, ಯಂತ್ರ ಏಳುವುದಿಲ್ಲ, ಅಥವಾ ಏನೂ ಆಗಿಲ್ಲವೆಂಬಂತೆ ಹೊಸದಾಗಿ ಎದ್ದು ಕೂರುತ್ತದೆ. ಸರಿಯಾದ ವಿಳಾಸಕ್ಕೆ ಮೊದಲು ಬೇರೆಯೇ ಪ್ರೋಗ್ರಾಮ್ ತಂದು, ಓಡಿಸಿ, ಬಂದದ್ದನ್ನು 4096ರಿಂದ ಭಾಗಿಸಬೇಕಿತ್ತು. ಈಗ ಮ್ಯಾಪ್-ಸ್ವಾಪ್‌ಫೈಲ್ ಎಂಬ ಆಜ್ಞೆ ಭಾಗಾಕಾರವನ್ನೂ ಮಾಡಿಕೊಡುತ್ತದೆ, ಇತ್ತೀಚಿನ ಕೆಲವು ವ್ಯವಸ್ಥೆಗಳು ಅಷ್ಟೂ ತೊಂದರೆ ಕೊಡದೆ ತಾವೇ ನೋಡಿಕೊಳ್ಳುತ್ತವೆ.

ಇಷ್ಟೆಲ್ಲ ಆಯಿತು ಎನ್ನಿ. ಸಬ್‌ವಾಲ್ಯೂಮ್ ಆಯಿತು, ವಿನಾಯಿತಿ ಆಯಿತು, ತೂತು ಮುಚ್ಚಿತು, ವಿಳಾಸ ಸರಿಹೋಯಿತು. ಆದರೂ ಲ್ಯಾಪ್‌ಟಾಪ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಹಲವು ಡಿಸ್ಟ್ರೋಗಳ ಕರ್ನೆಲ್ ಲಾಕ್‌ಡೌನ್ ಸ್ಥಿತಿಗೆ ಹೋಗುತ್ತದೆ. ಆ ಸ್ಥಿತಿಯಲ್ಲಿ ಹೈಬರ್ನೇಟ್ ನಿಷಿದ್ಧ. ಡಿಸ್ಕಿನಲ್ಲಿಟ್ಟ ಮೆಮೊರಿಯನ್ನು ಮಧ್ಯೆ ಯಾರಾದರೂ ತಿದ್ದಿದ್ದರೆ ಎಂಬ ಅನುಮಾನ. ಅನುಮಾನ ತಪ್ಪಲ್ಲ. ಹೈಬರ್ನೇಟ್ ಬೇಕೆಂದರೆ ಸುರಕ್ಷತೆ ಬಿಡಿ, ಸುರಕ್ಷತೆ ಬೇಕೆಂದರೆ ಹೈಬರ್ನೇಟ್ ಬಿಡಿ. ಎರಡೂ ಬೇಕೆನ್ನುವವರಿಗೆ, ಫೈಲ್‌ಗಳನ್ನೆಲ್ಲ ಸೇವ್ ಮಾಡಿ ಶಟ್‌ಡೌನ್ ಒತ್ತುವುದೇ ಸದ್ಯಕ್ಕೆ ಲಭ್ಯವಿರುವ ಅತ್ಯಾಧುನಿಕ ತಂತ್ರಜ್ಞಾನ. ಅದಕ್ಕೆ ಸ್ವಾಪ್ ಬೇಕಿಲ್ಲ.